ಮನ್ಯಾಗ ಹೇಳಬ್ಯಾಡ್ರಿ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಓದುಗರ ಪತ್ರಗಳಿಗೆ ಈ ಸಲ ಮನೋವೈದ್ಯರ ಉತ್ತರ. ಬರೆದವರ ಗುರುತು ಸಿಗದಂತೆ ಹೆಸರು, ಊರು, ಕಾಲೇಜಿನ ವಿವರ ತೆಗೆದಿದ್ದೇವೆ.

ಪತ್ರಗಳ ಕಟ್ಟನ್ನು ಒಂದೇ ಕೂತಲ್ಲಿ ಓದಿದೆ. ಕಾಲೇಜು ಹುಡುಗರು ಬರೆದ ಪತ್ರಗಳ ಕೊನೆಗೆ 'ಮನ್ಯಾಗ ಹೇಳಬ್ಯಾಡ್ರಿ' ಎಂದಿದೆ. ತಂದೆತಾಯಿ ಬರೆದವುಗಳ ಕೊನೆಗೆ 'ಹುಡುಗರಿಗೆ ಗೊತ್ತಾಗೂದು ಬ್ಯಾಡ' ಎಂದಿದೆ. ಒಂದೇ ಮನೆಯಿಂದ ಎರಡು ಪತ್ರ ಬಂದಿದ್ದರೂ ನನಗೆ ಆಶ್ಚರ್ಯವಿಲ್ಲ. ಕಾಯುವಂಥದ್ದಲ್ಲದ ಪತ್ರಕ್ಕೆ ಮೊದಲು ಉತ್ತರ ಬರೆಯುತ್ತೇನೆ.

ನನ್ನ ಗೆಳೆಯ ಬಿ.ಕಾಂ. ಎರಡನೇ ವರ್ಷ. ಎರಡ ವಿಷಯ ಉಳದಾವು. ಒಂದ ವಾರದಿಂದ 'ನಾ ಇದ್ದು ಯಾರಿಗೂ ಉಪಯೋಗಿಲ್ಲ' ಅಂತಾನ. ಮೊನ್ನೆ ತನ್ನ ಬೈಕಿನ ಕೀಲಿ ನನ್ನ ಕೈಯಾಗ ಇಟ್ಟು 'ಇನ್ನ ಇದು ನಿಂದ' ಅಂದ. ಯಾರಿಗೂ ಹೇಳೂದಿಲ್ಲಂತ ಆಣಿ ಮಾಡಿಸ್ಕೊಂಡಾನ. ಅವರಪ್ಪ ಭಾಳ ಸಿಟ್ಟಿನ ಮನಷ್ಯಾ. ನಾ ಏನ್ ಮಾಡ್ಲಿ?
— ಪದವಿ ವಿದ್ಯಾರ್ಥಿ, ಹುಕ್ಕೇರಿ ತಾಲ್ಲೂಕು

ಆಣೆ ಮುರಿ. ಇವತ್ತೇ ಮುರಿ. ಇಂಥ ಆಣೆ ಮುರಿದವರ ಮೇಲೆ ಆಮೇಲೆ ಸಿಟ್ಟಾದ ಗೆಳೆಯರನ್ನು ನಾನು ನೋಡಿದ್ದೇನೆ. ಆ ಸಿಟ್ಟು ಇಳಿಯುತ್ತದೆ, ಇಳಿಯಲು ಅವರು ಉಳಿದಿರುತ್ತಾರೆ.

ಮೊದಲು ಅವನನ್ನೇ ನೇರವಾಗಿ ಕೇಳು: 'ಸಾಯಬೇಕು ಅನಸ್ತೈತೇನು?' ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಬೇಡ. ಹೊತ್ತುಕೊಂಡು ತಿರುಗುತ್ತಿದ್ದವನಿಗೆ ಇಳಿಸಲು ಒಂದು ಜಾಗ ಸಿಕ್ಕಂತಾಗುತ್ತದೆ, ಅಷ್ಟೇ. ಹೌದು ಅಂದರೆ ಬುದ್ಧಿ ಹೇಳಲು ಹೋಗಬೇಡ. 'ತಂದಿ ತಾಯಿ ನೆನಸ್ಕೋ' ಎಂಬ ಮಾತು ಬೇಡವೇ ಬೇಡ. ಅವರಿಗೆ ಭಾರವಾಗಿದ್ದೇನೆ ಎಂದೇ ಅವನು ಈ ಸ್ಥಿತಿಗೆ ಬಂದಿದ್ದಾನೆ. ಜೊತೆಗೆ ಕೂತು ಅವನ ಫೋನಿನಿಂದಲೇ 14416ಕ್ಕೆ ಕರೆ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಕೈಮೀರುವಂತೆ ಕಂಡರೆ 108ಕ್ಕೆ ಕರೆ ಮಾಡು, ಇಲ್ಲವೇ ಸೀದಾ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿ.

ಅಪ್ಪನ ಸಿಟ್ಟಿನ ವಿಷಯ. ಮನೆ ಅಂದರೆ ಅಪ್ಪ ಒಬ್ಬನೇ ಅಲ್ಲ. ಅಕ್ಕ ಇದ್ದಾಳೆಯೇ? ಸೋದರಮಾವ? ನಮ್ಮ ಕಡೆ ಸೋದರಮಾವನ ಮಾತಿಗೆ ಅಪ್ಪನೂ ಸ್ವಲ್ಪ ತಲೆಬಾಗುತ್ತಾನೆ. ಅವರಲ್ಲೊಬ್ಬರಿಗೆ ಇಷ್ಟು ಹೇಳು: ಹುಡುಗ ಸಾವಿನ ಮಾತಾಡುತ್ತಿದ್ದಾನೆ, ಎರಡು ದಿನ ಅವನನ್ನು ಒಬ್ಬನೇ ಬಿಡಬೇಡಿ, ವಿಷಯ ಉಳಿದ ಮಾತು ಈಗ ಎತ್ತಬೇಡಿ. ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಅದನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ ಕೀಲಿ ಹಾಕಿಸಿ. ಒಕ್ಕಲುತನದ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಸಾಯಬೇಕೆಂಬ ಆ ತುತ್ತತುದಿಯ ಗಳಿಗೆ ಬಹಳ ಸಲ ಬೇಗ ದಾಟಿಹೋಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ.

ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ ಬಾಯಿ ಮುಚ್ಚುವ ಮನೆಗಳು ಇನ್ನೂ ಇವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಸರ್ಕಾರವೇ ಅವರ ಆರೈಕೆ ಮಾಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ, ಅದನ್ನು ಅಪರಾಧವೆಂದಿದ್ದ ಹಳೆಯ 309ನೇ ಕಲಮೇ ಇಲ್ಲ.

ನಮ್ದು ಘಟಪ್ರಭಾ ದಂಡಿ ಮ್ಯಾಲಿನ ಊರು. 2019ರಾಗ ಹೊಳಿ ಬಂತು, ಎರಡ ವರ್ಷ ಬಿಟ್ಟು ಮತ್ತ ಬಂತು. ಮನಿ ಹೊಸದು ಕಟ್ಟಿಸೇವಿ, ಟಿವಿ ತಿಜೋರಿ ಎಲ್ಲಾ ಬಂದಾವು. ಮಗಳು ಈಗ ಬಿ.ಎಸ್ಸಿ. ಕಲಿತಾಳ, ಶ್ಯಾಣ್ಯಾಕಿ. ಆದ್ರ ಮಳಿಗಾಲದಾಗ 'ಹಿಡಕಲ್ಲಿನಿಂದ ನೀರ ಬಿಟ್ರು' ಅಂತ ಸುದ್ದಿ ಬಂತಂದ್ರ ರಾತ್ರಿಯೆಲ್ಲಾ ಕೂತ ಬಿಡತಾಳ. ಈ ಸಲ ಎರಡ ಪರೀಕ್ಷಾ ತಪ್ಪಿಸಿದ್ಲು. ಎಲ್ಲಾ ಕೊಟ್ಟೇವಿ, ಮತ್ತ ಯಾಕ ಅಂಜತಾಳ?
— ತಂದೆ, ಗೋಕಾಕ ತಾಲ್ಲೂಕು

ಲೆಕ್ಕ ಹಾಕಿ ನೋಡಿ ಯಜಮಾನರೇ. 2019ರ ಆಗಸ್ಟಿನಲ್ಲಿ ನಿಮ್ಮ ಮಗಳು ಎಂಟನೆಯದೋ ಒಂಬತ್ತನೆಯದೋ ಓದುತ್ತಿದ್ದಳು. ಲೋಳಸೂರ ಸೇತುವೆ ಮುಳುಗಿ ಗೋಕಾಕ ಪೇಟೆಯೊಳಗೆ ಹೊಳೆ ಹರಿದದ್ದು ಆಗ. ಏಳು ತಿಂಗಳಲ್ಲಿ ಕೊರೊನಾ ಬಂತು, ಶಾಲೆ ಮುಚ್ಚಿತು. 2021ರಲ್ಲಿ ಎರಡನೇ ಅಲೆ ಇಳಿದು, ಜುಲೈ 26ಕ್ಕೆ ಪದವಿ ಕಾಲೇಜುಗಳ ಬಾಗಿಲು ತೆಗೆಯಬೇಕು ಎನ್ನುವ ಹೊತ್ತಿಗೆ ಘಟಪ್ರಭೆ ಮತ್ತೆ ಗೋಕಾಕದ ಓಣಿಗಳಲ್ಲಿತ್ತು. ನಿಮಗೆ ಅವು ಎರಡು ಮಳೆಗಾಲ. ಅವಳಿಗೆ ಹದಿನಾಲ್ಕರಿಂದ ಹದಿನಾರರವರೆಗಿನ ವಯಸ್ಸೇ ಅದು. ಗೆಳತಿಯರಿಲ್ಲ, ಶಾಲೆಯಿಲ್ಲ, ಇದ್ದ ಒಂದು ಮನೆಯೊಳಗೂ ನೀರು.

ಮನೆಗೆ ಎ, ಬಿ, ಸಿ ಎಂದು ವರ್ಗ ಮಾಡಿ ಪರಿಹಾರ ಬರೆದುಕೊಂಡರು. ಹೋದ ನಿದ್ದೆಯನ್ನು ಬರೆದುಕೊಳ್ಳಲು ಗ್ರಾಮಲೆಕ್ಕಿಗರ ಫಾರ್ಮಿನಲ್ಲಿ ಕಾಲಂ ಇರಲಿಲ್ಲ.

ದೊಡ್ಡ ಅಪಾಯ ಕಂಡ ಮೆದುಳು ಆ ಹೊತ್ತಿನ ಗುರುತುಗಳನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಮಳೆಯ ಸಪ್ಪಳ, ಕೆಸರಿನ ವಾಸನೆ, ಡಂಗುರದ ದನಿ, ಅವ್ವ ಕೂಗಿದ್ದು. ಮುಂದೆ ಅವುಗಳಲ್ಲೊಂದು ಮರಳಿ ಬಂದರೂ ಸಾಕು, ಮೈ ತನ್ನಷ್ಟಕ್ಕೆ ಓಡಲು ಸಿದ್ಧವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹಾರುತ್ತದೆ. ಇದಕ್ಕೂ ಶಾಣ್ಯಾತನಕ್ಕೂ ಸಂಬಂಧ ಇಲ್ಲ. ತಿಂಗಳು ಮೀರಿ ಉಳಿದು, ಪರೀಕ್ಷೆ ಬಿಡಿಸುವಷ್ಟು ಬೆಳೆದರೆ ಅದಕ್ಕೆ ಚಿಕಿತ್ಸೆ ಬೇಕು. ನಿಮ್ಮ ಮಗಳ ವಿಷಯದಲ್ಲಿ ಆ ಗೆರೆ ದಾಟಿಯಾಗಿದೆ. ಹೆದರಿದ್ದನ್ನು ಸ್ವಲ್ಪಸ್ವಲ್ಪವಾಗಿ ಮಾತಿನಲ್ಲಿ ಎದುರಿಸಲು ಕಲಿಸುವ ಚಿಕಿತ್ಸೆ ಇದೆ. ಕೆಲವರಿಗೆ ಕೆಲವು ತಿಂಗಳ ಗುಳಿಗೆಯೂ ಬೇಕಾಗುತ್ತದೆ. ಬೆಳಗಾವಿಯ ಬಿಮ್ಸ್ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 'ಮನೋಚೈತನ್ಯ' ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ವ್ಯವಸ್ಥೆಯನ್ನು ರಾಜ್ಯ ಮಾಡಿದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಗೋಕಾಕದ ಆಸ್ಪತ್ರೆಯಲ್ಲೇ ಕೇಳಿ. ಮೆಡಿಕಲ್ ಅಂಗಡಿಯಿಂದ ನಿದ್ದೆ ಗುಳಿಗೆ ಮಾತ್ರ ಕೇಳಿ ತರಬೇಡಿ.

ಇನ್ನು ಮನೆಯ ಪಾಲು. ನೀವು 'ಅಂಜಬ್ಯಾಡ, ಏನೂ ಆಗೂದಿಲ್ಲ' ಎನ್ನುತ್ತಿರಬಹುದು. ಅದನ್ನು ಅವಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. 2024ರ ಜುಲೈನಲ್ಲೂ ನೀರು ಬಂದು ಸೇತುವೆ ಮುಳುಗಿತಲ್ಲ! ಮೇಲೆ ಸಹ್ಯಾದ್ರಿಯಲ್ಲಿ ಮಳೆ ಹಿಡಿದು ಹಿಡಕಲ್ ಜಲಾಶಯ ತುಂಬಿ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಕೂಡಿದರೆ ಹೊಳೆ ಬರುತ್ತದೆ. ಹುಡುಗಿ ಹೇಳುವುದು ಸುಳ್ಳಲ್ಲ. ಆದ್ದರಿಂದ ಭರವಸೆಗಿಂತ ಒಂದು ಪ್ಲ್ಯಾನ್ ಕೊಡಿ. ನೀರು ಎಲ್ಲಿಗೆ ಬಂದರೆ ಮನೆ ಬಿಡುವುದು? ಹಾಗೆಂದು ಹೇಳುವವರು ಯಾರು? ಎಮ್ಮೆ ಹೊಡೆದುಕೊಂಡು ಹೋಗುವವರು ಯಾರು, ಅಜ್ಜಿಯನ್ನು ಕರೆದೊಯ್ಯುವವರು ಯಾರು, ಯಾರ ಮನೆಗೆ? ಬೇಸಿಗೆಯಲ್ಲೇ ಎಲ್ಲರೂ ಕೂತು ಇದನ್ನು ತೀರ್ಮಾನಿಸಿ. ಕಾಗದಪತ್ರದ ಜವಾಬ್ದಾರಿ ಮಗಳಿಗೆ ವಹಿಸಿ: ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಬುಕ್, ಉತಾರ ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ, ಡಿಜಿಲಾಕರ್‌ನಲ್ಲೂ ಇರಲಿ. ಕೈಗೆ ಕೆಲಸವಿದ್ದರೆ ಭಯಕ್ಕೆ ಒಂದು ಅಳತೆ ಬರುತ್ತದೆ. ವಾಟ್ಸ್ಯಾಪಿನಲ್ಲಿ ಪ್ರತಿ ಮಳೆಗಾಲ ಹಳೆಯ ಪ್ರವಾಹದ ವಿಡಿಯೋ ಹೊಸದಾಗಿ ಓಡಾಡುತ್ತವೆ. ದಿನಕ್ಕೆ ಎರಡು ಸಲ, ಒಂದೇ ನಂಬಿಕೆಯ ಕಡೆಯಿಂದ ನೀರಿನ ಮಟ್ಟ ನೋಡುವುದು ಎಂದು ಮನೆಯವರೆಲ್ಲ ಒಪ್ಪಿಕೊಳ್ಳಿ. ಆ ನಿಯಮ ನಿಮಗೂ ಸೇರಿದೆ.

ಇನ್ನೊಂದು. ಆ ರಾತ್ರಿಗಳ ಬಗ್ಗೆ ನಿಮ್ಮ ಮನೆಯಲ್ಲಿ ಯಾರಾದರೂ ಮಾತಾಡಿದ್ದೀರಾ? ನಿಮಗೂ ಅಂಜಿಕೆ ಆಗಿತ್ತು ಎಂದು ಅವಳಿಗೆ ಗೊತ್ತೇ? ಒಮ್ಮೆ ಹೇಳಿ ನೋಡಿ. ಅಪ್ಪನ ಬಾಯಿಂದ ಆ ಮಾತು ಬಂದರೆ, ತಾನೊಬ್ಬಳೇ ಹೇಡಿ ಎಂಬ ಅವಳ ಭಾವನೆ ಬಹಳ ಬೇಗ ಸಡಿಲವಾಗುತ್ತದೆ.

ನಾ ಬಿ.ಎ. ಕೊನೇ ವರ್ಷ. 2021ರ ಮೇದಾಗ ಅಪ್ಪ ಕೊರೊನಾದಾಗ ಹೋದ್ರು. ಮಾರಿ ಸುದ್ದಾ ನೋಡಲಿಲ್ಲ. ಅವತ್ತಿಂದ ಎಲ್ಲಾರೂ 'ಈಗ ನೀನ ಮನಿ ಗಂಡಸ' ಅಂತಾರ. 2025ರ ನವೆಂಬರದಾಗ ಗುರ್ಲಾಪುರ ಕ್ರಾಸಿನಾಗ ಕಬ್ಬಿನ ಹೋರಾಟಕ್ಕ ಕಾಕಾನ ಜೋಡಿ ನಾನೂ ಕುಂತಿದ್ದೆ. ಮನ್ಯಾಗ ಸಾಲ ಎಷ್ಟೈತಿ ಹೇಳೂದಿಲ್ಲ. ರಾತ್ರಿ ಅವ್ವ ಕಾಕಾ ಪಿಸುಗುಡೂದು ಕೇಳಸ್ತೈತಿ. ಕಾಲೇಜಿಗೆ ಹೊಂಟೇನಂತ ಹೇಳಿ ಬಸ್ ಸ್ಟ್ಯಾಂಡಿನಾಗ ಕುಂತ ಬರ್ತೀನಿ. ಅಳುನೂ ಬರೂದಿಲ್ಲ, ನಗುನೂ ಬರೂದಿಲ್ಲ. ಮನ್ಯಾಗ ಹೇಳಬ್ಯಾಡ್ರಿ.
— ವಿದ್ಯಾರ್ಥಿ, ಮೂಡಲಗಿ ತಾಲ್ಲೂಕು

ನಾನು ಹೇಳುವುದಿಲ್ಲ. ನೀನೇ ಹೇಳುವುದು ಹೇಗೆಂದು ನೋಡೋಣ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬೀಗರು ಬುತ್ತಿ ತರುತ್ತಾರೆ. ಹೆಂಗಸರು ಸತ್ತವರ ಗುಣ ಆಡಿಕೊಂಡು ದೊಡ್ಡ ದನಿಯಲ್ಲಿ ಅಳುತ್ತಾರೆ. ಗಂಡಸರು ಕಟ್ಟೆ ಮೇಲೆ ಸುಮ್ಮನೆ ಕೂತಿರುತ್ತಾರೆ. ದಿನ ಮಾಡುವ ತನಕ ಮನೆ ಖಾಲಿಯಾಗುವುದಿಲ್ಲ. ಇದೆಲ್ಲ ಬರೀ ಶಾಸ್ತ್ರ ಎಂದು ಓದಿದವರು ಮೂಗು ಮುರಿಯುತ್ತಿದ್ದರು, ನಾನೂ ಆ ಗುಂಪಿನವನೇ. 2021ರ ಏಪ್ರಿಲ್ 27ರಿಂದ ರಾಜ್ಯಕ್ಕೆ ಬೀಗ ಬಿತ್ತು. ಆ ತಿಂಗಳುಗಳಲ್ಲಿ ಮುಚ್ಚಿದ ಚೀಲದಲ್ಲಿ ದೇಹ ಹೋಯಿತು, ಬೀಗರು ಫೋನಿನಲ್ಲೇ ಉಳಿದರು. ಆ ಸಾವುಗಳ ದುಃಖ ಅನೇಕ ಮನೆಗಳಲ್ಲಿ ಇನ್ನೂ ಇಳಿದಿಲ್ಲ. ನೀನು ಅಳದೇ ಇರುವುದಕ್ಕೆ ಕಾರಣ ಕಲ್ಲುಮನಸ್ಸಲ್ಲ. ಅಳಬೇಕಾದ ದಿನ ನಿನಗೆ ಅಳಲು ಜಾಗವೇ ಇರಲಿಲ್ಲ, ಮರುದಿನದಿಂದ 'ಮನಿ ಗಂಡಸ' ಆಗಿಬಿಟ್ಟೆ.

ಏನೂ ಅನ್ನಿಸದಿರುವುದು, ಯಾವುದರಲ್ಲೂ ರುಚಿ ಇಲ್ಲದಿರುವುದು ಎರಡು ವಾರಕ್ಕಿಂತ ಹೆಚ್ಚು ದಿನ ನಡೆದರೆ ಅದನ್ನು ಖಿನ್ನತೆ ಎಂದೇ ಹಿಡಿದು ಪರೀಕ್ಷಿಸುತ್ತೇವೆ. ವೈದ್ಯರನ್ನು ಕಾಣು. 14416ಕ್ಕೆ ನೀನೂ ಮಾಡಬಹುದು, ಬಸ್ ಸ್ಟ್ಯಾಂಡಿನಿಂದಲೇ ಆಗಲಿ. ಹಾಜರಾತಿ ಪೂರ್ತಿ ಕೆಡುವ ಮೊದಲು ನಿನಗೆ ಹಿಡಿಸುವ ಒಬ್ಬ ಮೇಷ್ಟ್ರಿಗೆ ಅರ್ಧ ಸತ್ಯವನ್ನಾದರೂ ಹೇಳು: 'ಸರ್, ಮನಸ್ಸು ನೆಟ್ಟಗಿಲ್ಲ, ಚಿಕಿತ್ಸೆ ತಗೋತೇನಿ.' ಕಾರಣ ಗೊತ್ತಿದ್ದರೆ ದಾರಿ ಹುಡುಕುವ ಮೇಷ್ಟ್ರು ಇದ್ದಾರೆ.

ಕಾಕಾನ ಜೊತೆ ಮನೆಯಲ್ಲಿ ಮಾತಾಡಬೇಡ. ಹೊಲದಲ್ಲಿ, ನೀರು ತಿರುವುವ ಹೊತ್ತಿನಲ್ಲಿ ಮಾತಾಡು. ಗಂಡಸರು ಎದುರುಬದುರು ಕೂತು ಆಡಲಾಗದ್ದನ್ನು ಪಕ್ಕಪಕ್ಕ ನಿಂತು ಆಡುತ್ತಾರೆ. 'ಕಾಕಾ, ನಾ ಕಾಲೇಜಿಗೆ ಹೋಗವಲ್ಲೆ. ತಲಿ ನಡಿಯವಲ್ದು. ಸಾಲ ಎಷ್ಟೈತಿ ಹೇಳು, ಗೊತ್ತಿಲ್ಲದ ಇರೂದು ಭಾಳ ತ್ರಾಸ ಆಗೇತಿ.' ಇಷ್ಟೇ ಸಾಕು.

ಈ ಅಂಕಣ ಕೈಗೆ ಸಿಗುವ ಅವ್ವಂದಿರಿಗೆ, ಕಾಕಾಂದಿರಿಗೆ ಒಂದು ಮಾತು. ಹುಡುಗರಿಗೆ ಸಾಲ ಮುಚ್ಚಿಟ್ಟರೆ ಅವರು ನಿಶ್ಚಿಂತೆಯಿಂದ ಓದುತ್ತಾರೆ ಎಂದು ತಿಳಿದಿದ್ದೀರಿ. ಕಾಲೇಜಿಗೆ ಹೋಗುವ ಹುಡುಗ ಗೋಡೆಯಾಚೆಯ ಪಿಸುಮಾತಿನಿಂದ ತನ್ನದೇ ಮೊತ್ತ ಕಟ್ಟಿಕೊಳ್ಳುತ್ತಾನೆ, ಅದು ನಿಜವಾದ ಸಾಲಕ್ಕಿಂತ ದೊಡ್ಡದಿರುತ್ತದೆ. ಒಂದು ದಿನ ಲೆಕ್ಕದ ಡೈರಿ ತೆರೆದು ಅವನ ಮುಂದಿಡಿ. ಹೋರಾಟದ ನಂತರ ಟನ್ನಿಗೆ 3,300 ರೂಪಾಯಿ ಎಂದಾಯಿತು. ನಮ್ಮದು ಎಷ್ಟು ಟನ್ ಹೋಯಿತು, ಬಿಲ್ ಎಷ್ಟು ಬಂತು, ಪಿಕೆಪಿಎಸ್ ಸಂಘಕ್ಕೆ ಎಷ್ಟು, ಕೈಗಡ ಎಷ್ಟು, ತೀರಿಸುವುದು ಹೇಗೆ. ಆಮೇಲೆ ಈ ಮಾತೂ ಆಡಿ: 'ಪರೀಕ್ಷೆ ಮುಗಿಯುವ ತನಕ ಈ ಡೈರಿ ನಮ್ಮದು. ನೀನು ಓದು.' ತಿಳಿಸಬೇಕು, ಹೊರಿಸಬಾರದು. 'ಮನಿ ಗಂಡಸ' ಎಂಬ ಪಟ್ಟವನ್ನಂತೂ ಹುಡುಗನ ತಲೆಯಿಂದ ಇಳಿಸಿ. ಅವನಿಗೆ ಇಪ್ಪತ್ತೊಂದು ವಯಸ್ಸಿರಬಹುದು, ಅಷ್ಟೇ.

ಅಪ್ಪನ ಮುಂದಿನ ವರ್ಷದ ದಿನಕ್ಕೆ, ಆಗ ಬರಲಾಗದಿದ್ದ ಬೀಗರನ್ನೆಲ್ಲ ಕರೆಯಿರಿ. ಕೂತು ಅವರ ಬಗ್ಗೆ ಮಾತಾಡಿ. ತಡವಾಯಿತು ಎಂದೇನೂ ಇಲ್ಲ.

ಮಗಳಿಗೆ ಹತ್ತೊಂಬತ್ತು, ಬಿ.ಕಾಂ. ಎರಡನೇ ವರ್ಷ. ಲಾಕ್‌ಡೌನಿನಾಗ ಮುಚ್ಚಿದ ಅಂಗಡಿ ಮತ್ತ ಏಳಲಿಲ್ಲ. ಗಡಹಿಂಗ್ಲಜ ಕಡಿಂದ ಸಂಬಂಧ ಬಂದೈತಿ, ಒಂದ ಜವಾಬ್ದಾರಿ ಮುಗೀತೈತಿ ಅಂತ ಅವರಪ್ಪ ಒಪ್ಪ್ಯಾರ. ಹೋದ ತಿಂಗಳಿಂದ ಮಗಳು ಹಲ್ಲ ಕಚ್ಚಿ ಬೀಳತಾಳ. ಮಿರಜಕ್ಕ ಒಯ್ದು ತಲಿ ಸ್ಕ್ಯಾನ್ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು. ನಮ್ಮತ್ತಿ 'ಗಾಳಿ' ಅಂತಾರ. ಅವರಪ್ಪ 'ನಾಟಕ' ಅಂತಾರ. ಯಾವುದು ಖರೆ?
— ತಾಯಿ, ಹುಕ್ಕೇರಿ ತಾಲ್ಲೂಕು

ಎರಡೂ ಅಲ್ಲ.

ಮೆದುಳಿನಲ್ಲಿ ಗಾಯವಿಲ್ಲದೆ, ತಡೆಯಲಾಗದ ಒತ್ತಡ ಮೈಯ ಮೂಲಕ ಹೀಗೆ ಹೊರಬೀಳುವುದುಂಟು. ಅವಳು ಬೇಕೆಂದು ಮಾಡುತ್ತಿಲ್ಲ. ನಿಲ್ಲಿಸು ಎಂದರೆ ನಿಲ್ಲಿಸಲು ಅವಳ ಕೈಯಲ್ಲಿಲ್ಲ. ಸ್ಕ್ಯಾನ್ ಚೆನ್ನಾಗಿದೆ ಎಂಬ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದು ತೀರ್ಮಾನವಾಗುವುದಿಲ್ಲ. ಮೂರ್ಛೆರೋಗ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಬೇರೆ ಪರೀಕ್ಷೆಯೂ ಬೇಕಾಗಬಹುದು, ಅದಕ್ಕೆ ನರರೋಗ ತಜ್ಞರನ್ನೂ ಮನೋವೈದ್ಯರನ್ನೂ ಕಾಣಬೇಕು. ಬಿದ್ದಾಗ ಮಗ್ಗುಲಾಗಿ ಮಲಗಿಸಿ, ಓಣಿಯ ಜನರನ್ನು ಹೊರಗೆ ಕಳಿಸಿ. ಚಪ್ಪಲಿ, ಉಳ್ಳಾಗಡ್ಡಿ ಮೂಸಿಸಬೇಡಿ. ಬಾಯಿಗೆ ನೀರು ಬೇಡ, ಹಲ್ಲಿನ ನಡುವೆ ಚಮಚ ಬೇಡ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ನಡೆಯಿರಿ.

ಅತ್ತೆಯವರ ಜೊತೆ ದೇವರ ವಿಷಯಕ್ಕೆ ಜಗಳ ಆಡಬೇಡಿ. ಗುಡಿಗೆ ಹೋಗಿ ಕಾಯಿ ಒಡೆಸಿ ಬರಲಿ. ಹೊಡೆತ, ಹೊಗೆ, ಕಟ್ಟಿಹಾಕುವುದು ಎಂದು ಯಾರಾದರೂ ಶುರು ಮಾಡಿದರೆ ಅಲ್ಲಿಂದ ಎದ್ದು ಬನ್ನಿ. ಅದೇ ವಾರ ಆಸ್ಪತ್ರೆಗೂ ಹೋಗಿ. ಹೆಣ್ಣುಮಕ್ಕಳಿಬ್ಬರಿಗೂ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ, ಹೋಗಿಬರುವ ಖರ್ಚಿಗೆ ಯಜಮಾನರನ್ನು ಕೇಳಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ಅತ್ತೆಯ ಮಾತಿದೆ, ಗಂಡನ ಮಾತಿದೆ, ಮಿರಜದ ಡಾಕ್ಟರ ಮಾತಿದೆ. ಮಗಳ ಮಾತು ಒಂದೂ ಇಲ್ಲ. ಸಂಬಂಧ ಬಂದದ್ದಕ್ಕೂ ಬೀಳತೊಡಗಿದ್ದಕ್ಕೂ ಎಷ್ಟು ದಿನದ ಅಂತರ? ಲೆಕ್ಕ ಹಾಕಿ. ರಾತ್ರಿ ಅವಳ ಪಕ್ಕ ಮಲಗಿ ಕೇಳಿ: 'ನಿನಗ ಏನ್ ಬೇಕವ್ವಾ?' ಉತ್ತರ ಮೊದಲ ರಾತ್ರಿಯೇ ಬರಲಿಕ್ಕಿಲ್ಲ. ಬಂದಾಗ ತಿದ್ದಬೇಡಿ. ಮದುವೆಗಷ್ಟೇ ಸಂಬಂಧಿಸಿದ್ದು ಎಂದೂ ಮೊದಲೇ ತೀರ್ಮಾನಿಸಬೇಡಿ. ಮನೆಯವರಿಗೆ ಕಲ್ಪನೆಗೂ ಬಾರದ ಬೇರೆ ಹಿಂಸೆ ಇರುವುದೂ ಉಂಟು.

ಒಂದಂತೂ ಖಂಡಿತ ಹೇಳುತ್ತೇನೆ. 'ಲಗ್ನ ಆದ ಮ್ಯಾಲ ಎಲ್ಲಾ ಸರಿ ಹೊಕ್ಕೈತಿ' ಎಂದು ಹೇಳುವವರ ಮಾತು ಕೇಳಬೇಡಿ. ಮದುವೆ ಔಷಧವಲ್ಲ. ಡಿಗ್ರಿ ಮುಗಿಯುವ ತನಕ ತಡೆಯಿರಿ ಎಂದು ಬೀಗರಾಗುವವರಿಗೆ ತಿಳಿಸಿ, ಒಳ್ಳೆಯವರಾದರೆ ಕಾಯುತ್ತಾರೆ. ಕಾಯದಿದ್ದರೆ ಹೋಗಲಿ.

ಮಗ ಯಾವಾಗ್ಲೂ ಮೊಬೈಲ್ ಹಿಡಕೊಂಡಿರತಾನ. ಅದಕ್ಕ ಅವನ ತಲಿ ಕೆಟ್ಟೈತಿ. ಕಸಗೊಂಡ ಬಿಡ್ಲೇನು?
— ತಂದೆ, ಮೂಡಲಗಿ ತಾಲ್ಲೂಕು

ಬೇಡ. ಮೊಬೈಲಿನಲ್ಲಿ ಏನು ಹುಡುಕುತ್ತಿದ್ದಾನೆ ಎಂದು ಮೊದಲು ತಿಳಿಯಿರಿ. ಮನಸ್ಸು ಕೆಟ್ಟದ್ದಕ್ಕೆ ಮೊಬೈಲ್ ಹಿಡಿದಿರಲೂಬಹುದು. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಮೊಬೈಲುಗಳೂ ಒಂದೇ ಕಡೆ ಚಾರ್ಜಿಗೆ ಹೋಗಲಿ, ನಿಮ್ಮದು ಮೊದಲು.

ಸರ್, ನಾನು ಪದವಿ ಕಾಲೇಜಿನ ಉಪನ್ಯಾಸಕ. ನಮ್ಮಲ್ಲಿ ಆಪ್ತಸಲಹೆಗಾರರಿಲ್ಲ. ಪಾಲಕರ ಸಭೆ ಕರೆದರೆ ಖುರ್ಚಿಗಳಷ್ಟೇ ಬರುತ್ತವೆ. ಮನೆಯವರನ್ನು ಒಳಗೊಳ್ಳುವುದು ಹೇಗೆ?
— ಗೋಕಾಕ ತಾಲ್ಲೂಕು

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಲಹೆಗಾರ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆರಡು ಸಲ ತರಬೇತಿ ಆಗಬೇಕು, ಸಹಾಯವಾಣಿ ಸಂಖ್ಯೆ ಎದ್ದು ಕಾಣುವಂತೆ ಹಾಕಬೇಕು. ಪ್ರಾಚಾರ್ಯರ ಮೇಜಿನ ಮೇಲೆ ಅದರ ಪ್ರತಿ ಇಡಿ. ನೇಮಕಾತಿ ಆಗುವಷ್ಟರಲ್ಲಿ ಎರಡು ಬ್ಯಾಚ್ ಹೊರಬೀಳಬಹುದು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಸಂಖ್ಯೆ ಬರೆಸುವುದಕ್ಕೆ ಮಾತ್ರ ಯಾರ ಮಂಜೂರಾತಿಯೂ ಬೇಡ.

ಪಾಲಕರು ಬರದಿರುವುದಕ್ಕೆ ಕಾರಣ ಸರಳ: ಸಭೆಗೆ ಕರೆಯುವುದು ಬೈಸಿಕೊಳ್ಳಲಿಕ್ಕೆ ಎಂಬ ಅನುಭವ ಅವರಿಗಿದೆ. ಸಂತೆಯ ದಿನ ಸಭೆ ಇಡಿ, ಹೇಗೂ ಊರಿಗೆ ಬಂದಿರುತ್ತಾರೆ. ಕಬ್ಬು ಕಡಿಯುವ ಹಂಗಾಮು ಬಿಡಿ. ಅಂಕಪಟ್ಟಿ ತೋರಿಸಬೇಡಿ, ಭಾಷಣಕ್ಕೆ ಗಣ್ಯರನ್ನು ಕರೆಯಬೇಡಿ. ತಾಯಂದಿರನ್ನು ಬೇರೆ ಕೂರಿಸಿ. ಅಪ್ಪಂದಿರ ಮುಂದೆ ಅವರು ಬಾಯಿ ಬಿಡುವುದಿಲ್ಲ.

ಒಬ್ಬ ವಿದ್ಯಾರ್ಥಿಯ ವಿಷಯಕ್ಕೆ ಮನೆಗೆ ಕರೆ ಮಾಡಬೇಕಾಗಿ ಬಂದಾಗ, ದಾಖಲಾತಿ ಅರ್ಜಿಯಲ್ಲಿರುವ ತಂದೆಯ ನಂಬರಿಗೆ ಹಾಗೇ ಒತ್ತಿಬಿಡಬೇಡಿ. ಮನೆಯವರಿಗೆ ತಿಳಿಸುತ್ತಿದ್ದೇನೆ ಎಂದು ಹುಡುಗನಿಗೆ ಮೊದಲೇ ಹೇಳಿ, ಮನೆಯಲ್ಲಿ ಯಾರಿಗೆ ಹೇಳಿದರೆ ನಿನಗೆ ಧೈರ್ಯ ಎಂದು ಕೇಳಿ. ಅವ್ವ ಎನ್ನುತ್ತಾನೋ, ಅಕ್ಕ ಎನ್ನುತ್ತಾನೋ, ಮಾವ ಎನ್ನುತ್ತಾನೋ, ಆ ನಂಬರ್ ಬರೆದುಕೊಂಡು, ಅವನು ಎದುರಿಗೆ ಕೂತಿರುವಾಗಲೇ ಮಾತಾಡಿ.